ಕೂದಲಿನ ಗುಳಿಗಿ ಮತ್ತು 0.6 ಎಎಂಎಚ್

ಮಗು ಬೇಕೆಂದು ಆಳಂದ ಕಡೆಯಿಂದ ಕಲಬುರಗಿಗೆ ಬಂದವರ ಫೈಲು. ಮುಟ್ಟಿನ ಎರಡನೇ ದಿನದ ರಕ್ತ: ಎಎಂಎಚ್ (ಉಳಿದಿರುವ ಅಂಡಗಳ ಅಂದಾಜು ಕೊಡುವ ಹಾರ್ಮೋನು) 0.6, ಎಫ್‌ಎಸ್‌ಎಚ್ (ಅಂಡ ಬೆಳೆಸಲು ಮೆದುಳಿನ ಬುಡದ ಪಿಟ್ಯುಟರಿ ಕಳಿಸುವ ಹಾರ್ಮೋನು) 2.9, ಎಸ್ಟ್ರಾಡಿಯಾಲ್ (ಅಂಡಾಶಯದ ಹಾರ್ಮೋನು) 96, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) 0.3. ಅಂಚಿನಲ್ಲಿ ಯಾರೋ ಪೆನ್ನಿನಿಂದ ‘ಡೋನರ್ ಎಗ್ ಕೌನ್ಸೆಲಿಂಗ್’ ಎಂದು ಗೀಚಿದ್ದರು, ಅಂದರೆ ಬೇರೆಯವರ ಅಂಡ ಪಡೆಯುವ ಬಗ್ಗೆ ಮಾತಾಡಿ ಎಂದು. ವಯಸ್ಸು ಮೂವತ್ತರ ಆಸುಪಾಸು. ಮರುದಿನ ನಮ್ಮ ಟಿವಿಎಸ್‌ನಲ್ಲಿ (ಯೋನಿಯ ಮೂಲಕ ಮಾಡುವ ಸ್ಕ್ಯಾನ್) ಎಣಿಸಿದ ಫಾಲಿಕಲ್, ಅಂದರೆ ಅಂಡ ಬೆಳೆಯುವ ಸಣ್ಣ ಗುಳ್ಳೆ, ಬಲಕ್ಕೆ 8, ಎಡಕ್ಕೆ 7. ಅಂಡ ಮುಗಿದವರ ಲೆಕ್ಕವಲ್ಲ ಇದು.

ಗೀಚಿದವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಓವೇರಿಯನ್ ರಿಸರ್ವ್ (ಅಂಡಾಶಯದಲ್ಲಿ ಉಳಿದ ಅಂಡಗಳ ದಾಸ್ತಾನು) ಇಳಿದಾಗ ಚಕ್ರದ ಶುರುವಿನಲ್ಲೇ ಒಂದು ಫಾಲಿಕಲ್ ಮುಂದೆ ಓಡಿ ಎಸ್ಟ್ರಾಡಿಯಾಲ್ ಏರಿಸುತ್ತದೆ. ಅದು ಪಿಟ್ಯುಟರಿಯನ್ನು ತಡೆಯುವುದರಿಂದ ಎಫ್‌ಎಸ್‌ಎಚ್ ಸರಿಯಿದ್ದಂತೆ ಕಾಣುತ್ತದೆ. ಎರಡನೇ–ಮೂರನೇ ದಿನ ಎರಡನ್ನೂ ಒಟ್ಟಿಗೆ ಕೇಳುವುದು ಅದಕ್ಕೇ. ಎಸ್ಟ್ರಾಡಿಯಾಲ್ 60–80 ದಾಟಿದ್ದರೆ, ಎಫ್‌ಎಸ್‌ಎಚ್ 10ರ ಒಳಗಿದ್ದರೂ ನೆಚ್ಚುವಂತಿಲ್ಲ. ಕಾಗದದ ಮೇಲೆ ಈ ಫೈಲು ಹೇಳಿದ್ದೂ ಅದನ್ನೇ.

ಆದರೆ 96 ಪಿಕೋಗ್ರಾಂ ಎಲ್ಲಿಂದ ಬರಬೇಕು? ಬೆಳೆಯುತ್ತಿರುವ ಫಾಲಿಕಲ್ ಒಂದು ಇರಬೇಕು, ಇಲ್ಲವೇ ಹಿಂದಿನ ತಿಂಗಳಿಂದ ಉಳಿದ ಸಿಸ್ಟ್ (ನೀರುಗುಳ್ಳೆ). ಸ್ಕ್ಯಾನಿನಲ್ಲಿ ಎಲ್ಲಕ್ಕಿಂತ ದೊಡ್ಡದು 6 ಮಿ.ಮೀ. ಎಂಡೊಮೆಟ್ರಿಯಮ್ (ಗರ್ಭಕೋಶದ ಒಳಪದರ) 4 ಮಿ.ಮೀ., ತೆಳ್ಳಗೆ. ಟಿಎಸ್‌ಎಚ್ 0.3 ಎಂದರೆ ಥೈರಾಯ್ಡ್ ಹೆಚ್ಚು ಓಡುತ್ತಿರಬೇಕು, ಇವರಿಗೆ ನೋಡಿದರೆ ಎದೆ ಡವಗುಟ್ಟುವುದಿಲ್ಲ, ಕೈನಡುಕವಿಲ್ಲ, ತೂಕವೂ ಇಳಿದಿಲ್ಲ. ನಾಲ್ಕು ಅಂಕಿಗಳಲ್ಲಿ ಒಂದಕ್ಕೂ ಸಾಕ್ಷಿ ಹೇಳಲು ದೇಹ ಒಪ್ಪುತ್ತಿಲ್ಲ.

‘ಗುಳಿಗಿ ಏನರೆ ತಗೋತೀರೇನ್ರಿ?’
‘ಇಲ್ರಿ ಮೇಡಮ್, ಏನೂ ಇಲ್ಲ.’
ಜೊತೆಗೆ ಬಂದ ನೆಗೆಣ್ಣಿ: ‘ಕೂದ್ಲ ಉದರತಾವಂತ ತಗೋತಾಳಲ್ರಿ. ಅದು ಗುಳಿಗಿ ಅಲ್ರಿ, ವಿಟಮಿನ್ ಅದ.’

ಬಯೋಟಿನ್ 10 ಮಿ.ಗ್ರಾಂ. ಮುಂಜಾನೆ ಒಂದು, ಸಂಜೆ ಒಂದು. ರಕ್ತ ಕೊಟ್ಟದ್ದು ಮುಂಜಾನೆಯದನ್ನು ನುಂಗಿ ಬಂದ ಮೇಲೆ. ದೇಹಕ್ಕೆ ದಿನಕ್ಕೆ ಬೇಕಾದದ್ದು 30–40 ಮೈಕ್ರೋಗ್ರಾಂ ಮಾತ್ರ.

ಹಾರ್ಮೋನು ಅಳೆಯುವ ಹಲವು ಇಮ್ಯುನೊಅಸ್ಸೇ ಯಂತ್ರಗಳು ಬಯೋಟಿನ್ ಮತ್ತು ಅದನ್ನು ಬಿಗಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನ ಅಂಟನ್ನೇ ನಂಬಿ ಕೆಲಸ ಮಾಡುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅದು ಸ್ಟ್ರೆಪ್ಟಾವಿಡಿನ್‌ನ ಜಾಗ ಹಿಡಿದು ಕೂರುತ್ತದೆ, ಸಿಗ್ನಲ್ ಬೀಳುತ್ತದೆ. ಎಎಂಎಚ್, ಎಫ್‌ಎಸ್‌ಎಚ್, ಟಿಎಸ್‌ಎಚ್ ಸ್ಯಾಂಡ್‌ವಿಚ್ ವಿಧಾನದವು (ಹಾರ್ಮೋನನ್ನು ಎರಡು ಪ್ರತಿಕಾಯಗಳ ನಡುವೆ ಹಿಡಿಯುವುದು), ಸಿಗ್ನಲ್ ಬಿದ್ದರೆ ಅಂಕಿಯೂ ಬೀಳುತ್ತದೆ. ಎಸ್ಟ್ರಾಡಿಯಾಲ್ ಕಾಂಪಿಟಿಟಿವ್ (ರಕ್ತದ ಹಾರ್ಮೋನೂ ಕಿಟ್ಟಿನದೂ ಒಂದೇ ಜಾಗಕ್ಕೆ ಪೈಪೋಟಿ ನಡೆಸುವುದು), ಅಲ್ಲಿ ಸಿಗ್ನಲ್ ಬಿದ್ದಷ್ಟೂ ಅಂಕಿ ಏರುತ್ತದೆ. ಹೀಗೆ ಒಂದೇ ಗುಳಿಗಿ ಮೂರನ್ನು ಕೆಳಕ್ಕೆ, ಒಂದನ್ನು ಮೇಲಕ್ಕೆ ತಳ್ಳಿ, ರಿಸರ್ವ್ ಮುಗಿದವರ ರಿಪೋರ್ಟನ್ನು ಹುಬೇಹೂಬ್ ತಯಾರು ಮಾಡಿಬಿಡುತ್ತದೆ. ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಬಯೋಟಿನ್ ಬಗ್ಗೆ 2017ರಲ್ಲೇ ಎಚ್ಚರಿಸಿತ್ತು. ಹೊಸ ರೀಜೆಂಟ್‌ಗಳು (ಪರೀಕ್ಷೆಯ ರಾಸಾಯನಿಕಗಳು) ಇದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಸ್ಯಾಂಪಲ್ ಹೋದ ಲ್ಯಾಬಿನಲ್ಲಿ ಯಾವ ಕಿಟ್ ಇದೆ ಎಂದು ಫೋನ್ ಮಾಡಿ ಕೇಳುವವರು ಯಾರು ಎಂಬುದು ಬೇರೆ ಮಾತು.

ಗುಳಿಗಿ ನಿಲ್ಲಿಸಿ, ಮುಂದಿನ ಮುಟ್ಟಿನ ಎರಡನೇ ದಿನ ಅದೇ ಲ್ಯಾಬಿಗೆ ಕಳಿಸಿದಾಗ ಎಎಂಎಚ್ 2.3, ಎಫ್‌ಎಸ್‌ಎಚ್ 6.4, ಎಸ್ಟ್ರಾಡಿಯಾಲ್ 41, ಟಿಎಸ್‌ಎಚ್ 1.6. ಇಷ್ಟು ದಿನ ಕಾಯಲೇಬೇಕೆಂದಿಲ್ಲ, ಇಂಥ ಡೋಸಿಗೆ ಮೂರು ದಿನ ಬಿಟ್ಟರೂ ಸಾಮಾನ್ಯವಾಗಿ ಸಾಕು.

ಇಲ್ಲಿ ಎಎಫ್‌ಸಿಯನ್ನು (ಸ್ಕ್ಯಾನಿನಲ್ಲಿ ಮಾಡಿದ ಫಾಲಿಕಲ್ ಎಣಿಕೆ) ನಂಬಬಹುದಾಗಿತ್ತು, ಏಕೆಂದರೆ ಎಣಿಕೆ ಸರಿಯಾಗಿ ಆಗಿತ್ತು. ಮೂತ್ರಕೋಶ ಖಾಲಿ, ಎರಡರಿಂದ ನಾಲ್ಕನೇ ದಿನದೊಳಗೆ. ಅಂಡಾಶಯವನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನ ಗುಡಿಸಿ, 2ರಿಂದ 10 ಮಿ.ಮೀ. ಇರುವವನ್ನಷ್ಟೇ ಎಣಿಸಬೇಕು. ರಕ್ತನಾಳ ಅಡ್ಡ ಸಿಕ್ಕಾಗ ದುಂಡಗೆ ಫಾಲಿಕಲ್ ಹಾಗೆಯೇ ಕಾಣುತ್ತದೆ. ಪ್ರೋಬ್ 90 ಡಿಗ್ರಿ ತಿರುಗಿಸಿದರೆ ಉದ್ದಕ್ಕೆ ಹಿಗ್ಗಿ ಸಿಕ್ಕಿಬೀಳುತ್ತದೆ, ಅನುಮಾನ ಉಳಿದರೆ ರಕ್ತದ ಹರಿವು ತೋರಿಸುವ ಕಲರ್ ಡಾಪ್ಲರ್ ಹಾಕಿ. ಎಂಡೊಮೆಟ್ರಿಯೋಮಾ (ಅಂಡಾಶಯದಲ್ಲಿ ಹಳೇ ರಕ್ತ ತುಂಬಿದ ಸಿಸ್ಟ್) ಇದ್ದ ಕಡೆ ಎಣಿಕೆ ಕಡಿಮೆಯೇ ಬರುತ್ತದೆ, ಹಾಗಂತ ಬರೆಯಬೇಕು. ಎಡ, ಬಲ ಬೇರೆ ಬೇರೆ ಅಂಕಿ ಬೇಕು. ‘ಓವರೀಸ್ ನಾರ್ಮಲ್’ ಎಂಬ ರಿಪೋರ್ಟು ಈ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು. 0.6 ನಿಜವೇ ಆಗಿದ್ದರೂ ಆ ವಯಸ್ಸಿಗೆ ಡೋನರ್ ಎಂಬ ಮಾತು ಅವಸರದ್ದು. ಎಎಂಎಚ್ ಹೇಳುವುದು ಸಂಖ್ಯೆಯನ್ನು, ಗುಣವನ್ನಲ್ಲ. ಐವಿಎಫ್‌ನಲ್ಲಿ ಸ್ಟಿಮ್ಯುಲೇಷನ್ ಡೋಸ್ ಗೊತ್ತುಮಾಡಲು, ಎಷ್ಟು ಅಂಡ ಸಿಕ್ಕಾವು ಎಂದು ಅಂದಾಜಿಸಲು ಅದು ಒಳ್ಳೆಯದು. ಸಹಜವಾಗಿ ಬಸಿರಾಗುವ ಸಾಧ್ಯತೆಗೆ ಅಲ್ಲ. 2017ರ ಅಮೆರಿಕದ ಅಧ್ಯಯನದಲ್ಲಿ, ಬಂಜೆತನದ ಇತಿಹಾಸವಿಲ್ಲದ 30–44ರ 750 ಮಹಿಳೆಯರಲ್ಲಿ, 0.7ಕ್ಕಿಂತ ಕೆಳಗಿದ್ದವರೂ ಉಳಿದವರಷ್ಟೇ ಗರ್ಭ ಧರಿಸಿದ್ದರು.

ಯೂನಿಟ್ ಕೂಡ ನೋಡಿ. ಎಎಂಎಚ್‌ಗೆ ಮಿಲಿಲೀಟರಿಗೆ 1 ನ್ಯಾನೋಗ್ರಾಂ ಅಂದರೆ ಲೀಟರಿಗೆ 7.14 ಪಿಕೋಮೋಲ್. ಪಿಕೋಮೋಲ್‌ನಲ್ಲಿ ಬಂದ 8ನ್ನು ನ್ಯಾನೋಗ್ರಾಂ ಎಂದು ಓದಿದರೆ, ರಿಸರ್ವ್ ಕಡಿಮೆ ಇದ್ದವರು ಪಿಸಿಒಎಸ್ (ಸಣ್ಣ ಫಾಲಿಕಲ್ ಅತಿಯಾಗಿರುವ ತೊಂದರೆ) ಆಗಿಬಿಡುತ್ತಾರೆ. ಗರ್ಭನಿರೋಧಕ ಗುಳಿಗಿಯಲ್ಲಿರುವವರಿಗೆ ಎಎಂಎಚ್ ನಿಜವಾಗಿಯೇ ಇಳಿದಿರುತ್ತದೆ, ಬಿಟ್ಟ ಮೇಲೆ ಏರಲು ಎರಡು ಮೂರು ತಿಂಗಳು ಹಿಡಿಯುತ್ತದೆ.

‘ಫರ್ಟಿಲಿಟಿ ಪ್ಯಾಕೇಜ್’ ಬಂದ ಮೇಲೆ ಇದೆಲ್ಲ ಹೆಚ್ಚಾಗಿದೆ. ಎಎಂಎಚ್ ಯಾವ ದಿನವಾದರೂ ನಡೆಯುತ್ತದೆ, ಎಫ್‌ಎಸ್‌ಎಚ್ ನಡೆಯುವುದಿಲ್ಲ. ಪ್ಯಾಕೇಜಿಗೆ ಆ ಭೇದ ಗೊತ್ತಿಲ್ಲ, ಹದಿನೇಳನೇ ದಿನದ ಎಫ್‌ಎಸ್‌ಎಚ್ ಕೂಡ ಬಣ್ಣದ ಕಾಗದದಲ್ಲಿ ಬರುತ್ತದೆ. ರಿಕ್ವೆಸ್ಟ್ ಫಾರ್ಮಿನಲ್ಲಿ ಎಲ್‌ಎಂಪಿ (ಕೊನೆಯ ಮುಟ್ಟಿನ ತಾರೀಖು) ಕಾಲಂ ಖಾಲಿ, ಗುಳಿಗಿಗೆ ಕಾಲಮೇ ಇಲ್ಲ. ಹೊಸದಾಗಿ ಛಾಪಿಸಿ ಎಂದರೆ ಹಳೇ ಬಂಡಲ್ ಮುಗಿಯಲಿ ಎನ್ನುತ್ತಾರೆ ಮ್ಯಾನೇಜ್‌ಮೆಂಟಿನವರು. ಅಲ್ಲಿಯತನಕ ಎಲ್‌ಎಂಪಿ ಪಕ್ಕದಲ್ಲಿ ಕೈಯಲ್ಲೇ ಬರೆಯಬೇಕು: ಕೂದಲು, ಉಗುರು, ಚರ್ಮಕ್ಕೆ ಏನು ತಿನ್ನುತ್ತಾರೆ, ಕೊನೆಯದು ಯಾವಾಗ. ಹೆಸರು ಕೇಳಬೇಡಿ, ಸ್ಟ್ರಿಪ್ಪೇ ತರಲು ಹೇಳಿ.