ಮೊಬೈಲ್ ಅರೆದು ಕುಡಿದ ಮಕ್ಕಳಿಗೆ ಕಂಪ್ಯೂಟರ್ ಪಾಠ ಯಾಕೆ?

ಪ್ರೌಢಶಾಲೆಯಲ್ಲಿ ಗಣಿತದ ಜೊತೆಗೆ ಕಂಪ್ಯೂಟರನ್ನೂ ಕಲಿಸುತ್ತೇನೆ ಅಂದಕೂಡಲೇ, ಪೋಷಕರ ಸಭೆಯಾಗಲಿ ಮದುವೆ ಮನೆಯಾಗಲಿ, ಬರುವ ಮಾತು ಒಂದೇ: “ಈಗಿನ ಮಕ್ಕಳಿಗೆ ನೀವೇನು ಕಲಿಸ್ತೀರಿ ಮೇಡಂ? ಮೊಬೈಲಲ್ಲಿ ಅವರೇ ನಮಗೆ ಮೇಷ್ಟ್ರು!”

ಚುರುಕಾಗಿದ್ದಾರೆ, ನಿಜ. ಆದರೆ ಎಂಟನೇ ತರಗತಿಯವರನ್ನು ಲ್ಯಾಬಿನಲ್ಲಿ ಕೂರಿಸಿ, “ಈಗ ತಾನೇ ಸೇವ್ ಮಾಡಿದೆಯಲ್ಲ, ಆ ಫೈಲ್ ಎಲ್ಲಿದೆ?” ಅಂತ ಕೇಳಿ ನೋಡಿ. ಮುಖ ಮುಖ ನೋಡುತ್ತಾರೆ. ಮೊಬೈಲು ಫೋಲ್ಡರನ್ನು ಕಣ್ಣಿಗೇ ಬೀಳಿಸುವುದಿಲ್ಲ. ಫೋಟೋ ಅಂದರೆ ಗ್ಯಾಲರಿ, ಅಷ್ಟೇ. ಹಾಗಾಗಿ ವಿದ್ಯಾರ್ಥಿವೇತನಕ್ಕೆ ಪ್ರಮಾಣಪತ್ರವನ್ನು ಇಂತಿಷ್ಟು ಕೆಬಿ (ಫೈಲಿನ ಗಾತ್ರದ ಅಳತೆ) ಒಳಗಿನ ಪಿಡಿಎಫ್ ಮಾಡಿ ಹಾಕಬೇಕು ಅಂದಾಗ ಅದೇ ಚುರುಕಿನ ಹುಡುಗ ಸೈಬರ್ ಸೆಂಟರಿನ ಮುಂದೆ ನಿಂತಿರುತ್ತಾನೆ. ಮೊಬೈಲ್ ಮುಚ್ಚಿಟ್ಟಿರುವುದನ್ನು ತೆರೆದು ತೋರಿಸುವುದೇ ನನ್ನ ಪಾಠ.

ನನಗೆ ತುಂಬ ಇಷ್ಟದ ಪಾಠ ಕನ್ನಡದ್ದು. ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ (ಫಾಂಟ್ ಅಂದರೆ ಅಕ್ಷರಗಳ ಚಿತ್ರಗಳ ಕಟ್ಟು) ಟೈಪ್ ಮಾಡಿದ ಪತ್ರವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆಸುತ್ತೇನೆ. ಪರದೆ ತುಂಬ ಗೆರೆ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳು. “ವೈರಸ್ ಮೇಡಂ!” ಅಂತ ಹಿಂದಿನ ಬೆಂಚಿನಿಂದ ಕೂಗು. ವೈರಸ್ಸಲ್ಲ. ಕಂಪ್ಯೂಟರ್ ಇಟ್ಟುಕೊಳ್ಳುವುದು ಅಂಕಿಗಳನ್ನು ಮಾತ್ರ. 80 ಅಂದರೆ ಇಂಗ್ಲಿಷಿನ ದೊಡ್ಡ ಪಿ. ಹಳೇ ಫಾಂಟಿನವರು ಅದೇ 80ರ ಜಾಗದಲ್ಲಿ ತಲೆಕಟ್ಟಿಲ್ಲದ ಕಕಾರದ ಚಿತ್ರ ಕೂರಿಸಿದ್ದರು. ಫಾಂಟ್ ಹೋಯಿತು, ಕನ್ನಡವೂ ಹೋಯಿತು. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಅಂಕಿ ಕೊಡುವ ಯೂನಿಕೋಡಿನಲ್ಲಿ ಹಾಗಲ್ಲ, ‘ಕ’ಗೆ 3221 ಅನ್ನುವ ಅದರದೇ ಅಂಕಿ ಇದೆ.

ಆಮೇಲೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ತೆರೆದು, ‘ಕನ್ನಡ’ ಪದದ ಉದ್ದ ಎಷ್ಟು ಅಂತ ಕೇಳಿಸುತ್ತೇನೆ. ಮಕ್ಕಳು ಮೂರು ಅನ್ನುತ್ತಾರೆ, ಅದು 5 ಅನ್ನುತ್ತದೆ. ಗಲಾಟೆ ಶುರು. ಒಂದೊಂದೇ ಬಿಡಿಸಿ ಬರೆಯಿಸಿದರೆ 3221, 3240, 3277, 3240, 3233. ಎರಡು ನಕಾರ ಸಿಕ್ಕಿತು, ನಡುವಿನ 3277 ಯಾರು? “ಒತ್ತಕ್ಷರಕ್ಕೆ ಎಫ್ ಒತ್ತುತ್ತೀವಲ್ಲ, ಅದಾ ಮೇಡಂ?” ಅಂತ ನುಡಿಯಲ್ಲಿ ಟೈಪ್ ಮಾಡಿ ರೂಢಿಯಿದ್ದ ಹುಡುಗಿಯೊಬ್ಬಳು ಕೇಳಿದಳು. ಅದೇ. ನಕಾರದ ‘ಅ’ ಸ್ವರವನ್ನು ಕಳಚಿ ‘ನ್’ ಮಾಡುವ ಗುರುತು ಅದು. ವ್ಯಾಕರಣದ ಪಾಠದಲ್ಲಿ ಓದಿದ ವ್ಯಂಜನ, ಸ್ವರಗಳ ಲೆಕ್ಕ ಇಲ್ಲಿ ಕಂಪ್ಯೂಟರಿನ ಹೊಟ್ಟೆಯಲ್ಲಿ ಸಿಕ್ಕಿತಲ್ಲ ಅಂತ ಕನ್ನಡ ಮೇಷ್ಟ್ರಿಗೂ ಖುಷಿ.

ಕರೆಂಟ್ ಹೋದ ದಿನ 16, 8, 4, 2, 1 ಅಂತ ಬರೆದ ಐದು ರಟ್ಟು ಸಾಕು. ಐವರು ಹಿಡಿದು ನಿಂತು, ಕೆಲವನ್ನು ತೋರಿಸಿ ಕೆಲವನ್ನು ಮುಚ್ಚಿ, ಕಾಣುವುದನ್ನು ಕೂಡಿದರೆ 0ಯಿಂದ 31ರವರೆಗೆ ಯಾವ ಸಂಖ್ಯೆ ಬೇಕಾದರೂ ಹುಟ್ಟುತ್ತದೆ. ಕಂಪ್ಯೂಟರ್ ಅಂಕಿ ಇಟ್ಟುಕೊಳ್ಳುವುದೂ ಹೀಗೇ. ಇದು ನನ್ನ ಆಟವಲ್ಲ, ನ್ಯೂಜಿಲೆಂಡಿನ ಅಧ್ಯಾಪಕರು ಸೇರಿ ರೂಪಿಸಿದ, ಕಂಪ್ಯೂಟರೇ ಬೇಡದ ಪಾಠಗಳಲ್ಲಿ ಒಂದು.

ಮೋಸದ ವಿಷಯಕ್ಕೆ ಒಂದೇ ವಾಕ್ಯ ಬಾಯಿಪಾಠ ಮಾಡಿಸುತ್ತೇನೆ: ದುಡ್ಡು ಪಡೆಯೋದಕ್ಕೆ ಯುಪಿಐ ಪಿನ್ ಬೇಡ. ಮನೆಗೆ ಹೋಗಿ ಅಪ್ಪ ಅಮ್ಮನಿಗೂ ಹೇಳಬೇಕು, ಅದೇ ಹೋಂವರ್ಕ್.

“ಕೋಡಿಂಗ್ ಈಗ ಎಐ ಬರೆಯುತ್ತಲ್ಲ?” ಅನ್ನುವವರೂ ಇದ್ದಾರೆ. ಬರೆಯಲಿ. ‘ಕನ್ನಡ’ದ ಉದ್ದ ಅಂತ ಬಂದ ಆ 5 ಸರಿಯೋ ತಪ್ಪೋ ಅಂತ ಹೇಳುವವರು ಬೇಡವೇ?

ತೊಡಕು ಇರುವುದು ಬೇರೆ ಕಡೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಿಂದಲೇ, ಅಂದರೆ ಆರರಿಂದ ಎಂಟನೇ ತರಗತಿಯಲ್ಲೇ, ಕೋಡಿಂಗ್ ಅನ್ನುತ್ತದೆ. ಆದರೆ ಎಸ್ಸೆಸ್ಸೆಲ್ಸಿಯ ಅಂಕಗಳಲ್ಲಿ ನಮ್ಮ ಬಹುತೇಕ ಮಕ್ಕಳಿಗೆ ಕಂಪ್ಯೂಟರಿನ ಪಾಲು ಸೊನ್ನೆ. ಪಕ್ಕದ ಕೇರಳದಲ್ಲಿ ಹತ್ತನೇ ತರಗತಿಗೆ ಐಟಿ ಪರೀಕ್ಷೆಯೇ ಇದೆ, ಅದೂ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶದ ಮೇಲೆ. ಇಲ್ಲಿ ಜನವರಿ ಬಂತೆಂದರೆ ಲ್ಯಾಬಿನ ಪಿರಿಯಡ್ಡು ಗಣಿತದ ಪುನರಾವರ್ತನೆಗೆ ಹೋಗುತ್ತದೆ. ಗಣಿತದ ಮೇಡಂ ಕೂಡ ನಾನೇ ಆದ್ದರಿಂದ ಜಗಳ ಆಡಲೂ ಯಾರೂ ಇಲ್ಲ.

ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ, ಏನು ಮಾಡಿಸೋದು ಅಂತ ಕೇಳುವ ಪೋಷಕರಿಗೆ ಒಂದು ಕೆಲಸ ಹೇಳುತ್ತೇನೆ. ನಿನ್ನೆ ತೆಗೆದ ಫೋಟೋವನ್ನು ಗ್ಯಾಲರಿ ಮುಟ್ಟದೆ, ಫೈಲ್ ಮ್ಯಾನೇಜರಿನಲ್ಲಿ ಫೋಲ್ಡರಿಂದ ಫೋಲ್ಡರಿಗೆ ಇಳಿದು ಹುಡುಕಲು ಹೇಳಿ. ಸಿಕ್ಕಮೇಲೆ ಅದು ಎಷ್ಟು ಕೆಬಿ ಅಂತ ಕೇಳಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿ, ಅತ್ತ ಹೋದದ್ದು ಎಷ್ಟಾಗಿದೆ ಅಂತ ನೋಡಿಸಿ. ಯಾಕೆ ಕಮ್ಮಿ ಆಯ್ತು ಅಂತ ಕೇಳಿಕೊಂಡು ಬಂದರೆ ಮುಂದಿನದು ನಾನು ನೋಡಿಕೊಳ್ಳುತ್ತೇನೆ.