ಎಚ್ 4 ಬಲ್ಬು ಮತ್ತು ಜೋನಿಬೆಲ್ಲದ ಬಣ್ಣದ ಹೋಲ್ಡರ್

ಕಳೆದ ಆಷಾಢದ ಒಂದು ಸಂಜೆ ಶಿವಮೊಗ್ಗದಿಂದ ತೀರ್ಥಹಳ್ಳಿಯ ಮನೆಗೆ ಮರಳುತ್ತಿದ್ದಾಗ, ಮಂಡಗದ್ದೆ ದಾಟುವ ಹೊತ್ತಿಗೆ ನನ್ನ ಹಳೆಯ ಕಾರಿನ ಎಡಗಣ್ಣು, ಅಂದರೆ ಎಡಗಡೆಯ ಹೆಡ್‌ಲೈಟು, ಆರಿಹೋಯಿತು. ಮರುದಿನ ಬಿಡಿಭಾಗದ ಅಂಗಡಿಯಲ್ಲಿ, ‘ಘಾಟಿ ಕಡೆ ಓಡಾಡುವವರು ನೂರು ವ್ಯಾಟಿನ ಬಲ್ಬನ್ನೇ ಹಾಕಿಸಬೇಕು’ ಎಂಬ ಮಾತಿಗೆ ತಲೆಯಾಡಿಸಿ ಒಂದು ಜೊತೆ ಹಾಕಿಸಿಕೊಂಡು ಬಂದೆ. ಮೊದಲ ವಾರ ರಸ್ತೆಯ ಮೇಲೆ ಹಗಲೇ ಇಳಿದಂತಿತ್ತು. ತಿಂಗಳು ಕಳೆಯುವುದರೊಳಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಬಾನೆಟ್ ಎತ್ತಿ ನೋಡಿದರೆ ಬಲ್ಬು ಕೂರುವ ಬಿಳಿಯ ಹೋಲ್ಡರ್ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿ, ಒಂದು ಮೂಲೆ ಕರಗಿತ್ತು.

ನನ್ನ ಕಾರಿಗೆ ಬೇಕಾದದ್ದು 12 ವೋಲ್ಟಿನ, 60/55 ವ್ಯಾಟಿನ ಎಚ್ 4 ಎಂಬ ಬಗೆಯ ಹ್ಯಾಲೊಜನ್ ಬಲ್ಬು. ಅಂದರೆ ದೂರಕ್ಕೆ ಬೀಳುವ ಹೈ ಬೀಮಿಗೆ 60, ಹತ್ತಿರಕ್ಕೆ ಬೀಳುವ ಲೋ ಬೀಮಿಗೆ 55. ನೂರು ವ್ಯಾಟಿನ ಬಲ್ಬೂ ಅದೇ ಮೂರು ಕಾಲಿನ ಪ್ಲಗ್ಗಿಗೆ ಸಲೀಸಾಗಿ ಕೂರುತ್ತದೆ, ಮೋಸವಿರುವುದೂ ಅಲ್ಲಿಯೇ. 60 ವ್ಯಾಟಿಗೆ 5 ಆಂಪಿಯರ್ ಹರಿಯುವ ತಂತಿಯಲ್ಲಿ 100 ವ್ಯಾಟಿಗೆ 8 ಆಂಪಿಯರಿಗೂ ಮಿಕ್ಕಿ ಹರಿಯುತ್ತದೆ. ಕಾವು ಕರೆಂಟಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಏರುವುದರಿಂದ, ಅದೇ ತಂತಿ ಮತ್ತು ಅದೇ ಹೋಲ್ಡರ್ ಸುಮಾರು ಮೂರು ಪಟ್ಟು ಬಿಸಿಯನ್ನು ತಡೆದುಕೊಳ್ಳಬೇಕಾಗುತ್ತದೆ. ಇದೇ ರೀತಿ ಬೈಕುಗಳ ಎಚ್‌ಎಸ್ 1 ಬಲ್ಬು ನೋಡುವುದಕ್ಕೆ ಎಚ್ 4ರ ತಮ್ಮನಂತಿದ್ದರೂ ಅದು 35/35 ವ್ಯಾಟಿನದ್ದು. ಲಾರಿಯ ಎಚ್ 4 ಇನ್ನೂ ಬೇರೆ, 24 ವೋಲ್ಟಿನದು.

ಹಾಗಾಗಿ ಬಲ್ಬಿನ ಸಂಖ್ಯೆ ಬೆಳಕಿನ ಪ್ರಮಾಣಕ್ಕೆ ಇಟ್ಟ ಹೆಸರಲ್ಲ. ಬುಡದ ಆಕಾರ ಮತ್ತು ಒಳಗಿನ ತಂತು (ಫಿಲಮೆಂಟ್) ಎಲ್ಲಿರಬೇಕೆಂಬುದರ ಅಳತೆ ಅದರಲ್ಲಿದೆ. ಎಚ್ 4ರ ಗಾಜಿನೊಳಗೆ ಎರಡು ತಂತುಗಳಿದ್ದು, ಲೋ ಬೀಮಿನ ತಂತುವಿನ ಕೆಳಗೆ ಉಗುರಿನಷ್ಟು ಚಿಕ್ಕ ಲೋಹದ ಬಟ್ಟಲಿರುತ್ತದೆ. ಆ ಬಟ್ಟಲು ಕೆಳಮುಖದ ಬೆಳಕನ್ನು ತಡೆಯುವುದರಿಂದ ಬಲ್ಬಿನ ಸುತ್ತಲಿನ ಕನ್ನಡಿಯಂತಹ ಪ್ರತಿಫಲಕದ ಮೇಲರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅದು ರಸ್ತೆಯತ್ತ ಬಾಗುತ್ತದೆ. ಹ್ಯಾಲೊಜನ್ನಿಗೆಂದು ಮಾಡಿದ ದೀಪದೊಳಗೆ ಅಗ್ಗದ ಎಲ್‌ಇಡಿ ತುರುಕಿದಾಗ ಬೆಳಕು ಹುಟ್ಟುವ ಜಾಗ ತುಸು ಸರಿದರೂ ಸಾಕು, ಕಿರಣ ಎದುರಿನವನ ಕಣ್ಣಿಗೆ ಹಾರುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಯಾವುದಾದರೊಂದರಲ್ಲಿ ಅಂತಹ ಗಾಡಿಗೆ ಎದುರಾದವರಿಗೆ ಇದನ್ನು ವಿವರಿಸಬೇಕಿಲ್ಲ. 6000 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ) ನೀಲಿಬಿಳುಪಿನ ಮೋಹವೂ ನನಗೆ ಅರ್ಥವಾಗಿಲ್ಲ. ಮಂಜಿನಲ್ಲಿ ಅದು ಮುಂದೆ ಬಿಳಿ ಪಂಚೆ ಹರವಿದಂತೆ ಕಾಣುತ್ತದೆ. ಸಾದಾ ಹ್ಯಾಲೊಜನ್ನಿನ ಹಳದಿಯೇ ನನಗೆ ಇಷ್ಟ.

ಕೊನೆಗೆ ಹೋಲ್ಡರ್‌ಗಳನ್ನು ಬದಲಿಸಿ, ಗಾಡಿಯ ಕೈಪಿಡಿಯಲ್ಲಿದ್ದ 60/55ರ ಜೋಡಿಯನ್ನೇ ತಂದು ನಾನೇ ಹಾಕಿದೆ. ಬೆರಳಿನ ಜಿಡ್ಡು ತಾಗಿದ ಕಡೆ ಗಾಜು ವಿಪರೀತ ಕಾದು ಬಲ್ಬು ಬೇಗ ಸಾಯುವುದರಿಂದ, ಒಗೆದ ಬಟ್ಟೆಯಲ್ಲಿ ಬುಡವನ್ನಷ್ಟೇ ಹಿಡಿದಿದ್ದೆ. ಬುಡದ ಮೂರು ಕಿವಿಗಳು ಒಂದೇ ಅಳತೆಯವಲ್ಲದ ಕಾರಣ ಅದು ಒಂದೇ ರೀತಿಯಲ್ಲಿ ಕೂರುತ್ತದೆ. ಒತ್ತಾಯ ಮಾಡಬೇಕೆನಿಸಿದರೆ ತಪ್ಪು ನಮ್ಮದೇ. ರಾತ್ರಿ ಅಡಿಕೆ ಕೊಟ್ಟಿಗೆಯ ಗೋಡೆಗೆ ಎದುರಾಗಿ ನಿಲ್ಲಿಸಿ ಲೋ ಬೀಮ್ ಹಾಕಿದಾಗ, ಕೆಂಪು ಮಣ್ಣಿನ ಗೋಡೆಯ ಮೇಲೆ ಬೆಳಕಿನ ಮೇಲಂಚು ಸೀಳಿದಂತೆ ನೇರವಾಗಿ ನಿಂತಿತು. ಮೊದಲೇ ತೆಗೆದಿಟ್ಟಿದ್ದ, ಇನ್ನೂ ಉರಿಯುವ ಬಲಗಡೆಯ ಹಳೆಯ ಬಲ್ಬು ಈಗ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದೆ, ಅದೇ ಬಟ್ಟೆಯಲ್ಲಿ ಸುತ್ತಿಕೊಂಡು.