ಬಾನ್‌ಫೈರ್‌ನೊಳಗಿನ ಎಲುಬು

ಬಯಲಿನಲ್ಲಿ ಹಾಕುವ ದೊಡ್ಡ ಬೆಂಕಿಗೆ ಇಂಗ್ಲಿಷಿನಲ್ಲಿ ಬಾನ್‌ಫೈರ್ ಎನ್ನುತ್ತಾರೆ. ಅದರ ಮೂಲಾರ್ಥ ‘ಒಳ್ಳೆಯ ಬೆಂಕಿ’, ಫ್ರೆಂಚಿನ ಬಾನ್‌ಗೆ ಇಂಗ್ಲಿಷಿನ ಫೈರ್ ಸೇರಿ ಆದ ಮಾತು ಎನ್ನುವವರು ಈಗಲೂ ಬಹಳ ಮಂದಿ. ಅವರನ್ನು ದೂರುವಂತಿಲ್ಲ. 1755ರ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಬರೆದದ್ದೂ ಅದನ್ನೇ. ಆದರೆ ಆ ಬಾನ್ ಫ್ರೆಂಚಿನದಲ್ಲ. ಅದು ಅಚ್ಚ ಇಂಗ್ಲಿಷಿನ ಬೋನ್, ಎಲುಬು.

ಸಾಕ್ಷಿ ಹಳೆಯ ಕಾಗುಣಿತದಲ್ಲೇ ಇದೆ. 1483ರ ಇಂಗ್ಲಿಷ್–ಲ್ಯಾಟಿನ್ ಪದಕೋಶ ‘ಕ್ಯಾಥೊಲಿಕಾನ್ ಆಂಗ್ಲಿಕಂ’ ಇದನ್ನು ‘ಬೇನ್‌ಫೈರ್’ ಎಂದು ಬರೆದು, ಲ್ಯಾಟಿನ್ನಿನಲ್ಲಿ ‘ಇಗ್ನಿಸ್ ಆಸಿಯಂ’, ಎಲುಬುಗಳ ಬೆಂಕಿ, ಎಂದು ಅರ್ಥ ಕೊಡುತ್ತದೆ. ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಸ್ಟೋನ್ ‘ಸ್ಟೇನ್’ ಆಗುತ್ತದೆ, ಹೋಮ್ ‘ಹೇಮ್’, ಬೋನ್ ‘ಬೇನ್’. ಮೂಲ ಫ್ರೆಂಚಿನ ಬಾನ್ ಆಗಿದ್ದರೆ ಉತ್ತರದವರ ಬಾಯಲ್ಲಿ ಅದು ಬೇನ್ ಆಗಲು ಕಾರಣವೇ ಇರಲಿಲ್ಲ. ಫ್ರೆಂಚರು ತಾವೇ ಇಂಥ ಬೆಂಕಿಗೆ ‘ಫ್ಯೊ ದ ಜ್ವಾ’, ಸಂತಸದ ಬೆಂಕಿ, ಎನ್ನುತ್ತಾರೆ.

ಹಾಗಾದರೆ ‘ಬೋ’ ಹ್ರಸ್ವವಾದದ್ದು ಹೇಗೆ? ಸಮಾಸದಲ್ಲಿ ಎರಡು ವ್ಯಂಜನ ಒತ್ತಟ್ಟಿಗೆ ಬಂದರೆ ಅವುಗಳ ಹಿಂದಿನ ದೀರ್ಘ ಸ್ವರ ಗಿಡ್ಡವಾಗುವುದು ಹಳೆಯ ಇಂಗ್ಲಿಷಿನ ಜಾಯಮಾನ. ವೈಸ್‌ನಿಂದ ವಿಸ್ಡಮ್, ಗೂಸ್‌ನಿಂದ ಗಾಸ್ಲಿಂಗ್ ಆದದ್ದೂ ಹೀಗೆಯೇ. ಉಚ್ಚಾರ ಬದಲಾದ ಮೇಲೆ ಎಲುಬು ಯಾರ ಕಿವಿಗೂ ಬೀಳಲಿಲ್ಲ.

ಎಲುಬಿಗೆ ಬೆಂಕಿ ಹತ್ತುತ್ತದೆಯೇ? ಚಿತೆ ಆರಿದ ಮೇಲೆ ಅಸ್ಥಿ ಆಯುವ ನಮಗೆ ಈ ಸಂದೇಹ ಬರುವುದು ಸಹಜ. ಅಲ್ಲಿ ಉಳಿಯುವುದು ಖನಿಜದ ಭಾಗ, ಅದು ಎಲುಬಿನ ತೂಕದ ಸುಮಾರು ಮೂರರಲ್ಲಿ ಎರಡು ಪಾಲು. ಉರಿಯುವುದು ಕೊಬ್ಬು ಮತ್ತು ಕೊಲಾಜನ್ ಎಂಬ ಪ್ರೋಟೀನು. ಅದಕ್ಕೇ ಹಸಿ ಎಲುಬು ಬೇಕು, ಅದರಲ್ಲೂ ಕೀಲಿನ ಕಡೆಯ ಸ್ಪಂಜಿನಂಥ ತುದಿಗಳು, ಜಜ್ಜಿದವು. ಬಿಸಿಲಿಗೆ ಬಿದ್ದು ಬೆಳ್ಳಗಾದ ಒಣ ಎಲುಬಿಗೆ ಉರಿ ಹಿಡಿಯುವುದಿಲ್ಲ, ಕೊಬ್ಬೆಲ್ಲ ಹೋಗಿರುತ್ತದೆ. ಮೊದಲು ಕಟ್ಟಿಗೆಯಿಂದ ಕಾವು ಏರಿಸಿಯೇ ಎಲುಬು ಹಾಕಬೇಕು. ಹೊತ್ತಿಕೊಂಡರೆ ಜ್ವಾಲೆ ಎತ್ತರ, ಬೆಳಕು ಜಾಸ್ತಿ, ಕೆಂಡ ಮಾತ್ರ ಕಡಿಮೆ. ಅಡುಗೆಗೆ ಒದಗದ, ಹಬ್ಬದ ರಾತ್ರಿಗೆ ಹೇಳಿಮಾಡಿಸಿದ ಬೆಂಕಿ. ವಾಸನೆ ಮಾತ್ರ ಭಯಂಕರ.

ಆ ನಾತವೇ ಬೇಕಾಗಿತ್ತು. 14ನೇ ಶತಮಾನದ ಕೊನೆಯ ಹೊತ್ತಿಗೆ ಪ್ರವಚನಗಳನ್ನು ಬರೆದ ಜಾನ್ ಮಿರ್ಕ್ ಎಂಬ ಪಾದ್ರಿ, ಸಂತ ಜಾನನ ಹಬ್ಬದ ಹಿಂದಿನ ರಾತ್ರಿ ಮೂರು ಬಗೆಯ ಬೆಂಕಿ ಹಾಕುತ್ತಿದ್ದರೆಂದು ಹೇಳುತ್ತಾನೆ: ಬರೀ ಎಲುಬಿನದು, ಬರೀ ಕಟ್ಟಿಗೆಯದು, ಎರಡೂ ಸೇರಿದ್ದು. ಸುಟ್ಟ ಎಲುಬಿನ ನಾತಕ್ಕೆ ಡ್ರ್ಯಾಗನ್‌ಗಳು ಓಡಿಹೋಗುತ್ತವೆ ಎಂಬುದು ಅವನು ಕೊಡುವ ಕಾರಣ. ಸ್ಕಾಟ್ಲೆಂಡಿನ ಹಾವಿಕ್ ಊರಿನಲ್ಲಿ ಸುಮಾರು 1800ರವರೆಗೂ ಈ ಬೆಂಕಿಗಾಗಿ ಎಲುಬು ಕೂಡಿಡುತ್ತಿದ್ದರು. (ಅದೇ ಸಂತನ ಹಬ್ಬ ಗೋವಾದಲ್ಲಿ ಜೂನ್ 24ರ ಸಾಂಜಾಂವ್. ಮಳೆಗಾಲದ ಆ ಹಬ್ಬದಲ್ಲಿ ಬಾವಿಗೆ ಹಾರುವುದೇ ಮುಖ್ಯ.)

16ನೇ ಶತಮಾನದಲ್ಲಿ ಪದ ಬೇರೆ ಬೇರೆ ಕಡೆ ಹರಿಯಿತು. ಚಿತೆಯೂ ಬಾನ್‌ಫೈರ್, ಧರ್ಮವಿರೋಧಿ ಪುಸ್ತಕಗಳನ್ನು ಸುಟ್ಟದ್ದೂ ಬಾನ್‌ಫೈರ್, ವಿಜಯೋತ್ಸವದ ಬೆಂಕಿಯೂ ಬಾನ್‌ಫೈರ್. 1605ರ ನವೆಂಬರ್ 5ರಂದು ಪಾರ್ಲಿಮೆಂಟನ್ನು ಸಿಡಿಸುವ ಸಂಚು ಮುರಿದುಬಿದ್ದಾಗ ಲಂಡನ್ ಜನ ಬೀದಿಬೀದಿಯಲ್ಲಿ ಬೆಂಕಿ ಹಾಕಿದರು. ಪ್ರತಿ ವರ್ಷ ಆ ದಿನ ದೇವರಿಗೆ ಕೃತಜ್ಞತೆ ಸಲ್ಲಿಸಬೇಕೆಂಬ ಕಾಯಿದೆ 1859ರವರೆಗೂ ಇತ್ತು. ಉತ್ಸವದ ಅರ್ಥ ಬಲವಾಗಿ ಬೇರೂರಿದ್ದು ಹೀಗೆ. ಜಾನ್ಸನ್ ‘ಒಳ್ಳೆಯದು’ ಎಂದು ಊಹಿಸಿದ್ದಕ್ಕೂ ಇದೇ ಕಾರಣವಿರಬೇಕು. ಇಂದಿನ ಬ್ರಿಟನ್ನಿನಲ್ಲಿ ಹಿತ್ತಲಿನ ಒಣ ಎಲೆ, ಕಡ್ಡಿ ಸುಡುವುದಕ್ಕೂ ಇದೇ ಹೆಸರು.

ನಮ್ಮ ಕಡೆ ಪದಕ್ಕೆ ಬಂದ ಅರ್ಥ ಇನ್ನೊಂದು. 1905ರ ಅಕ್ಟೋಬರ್‌ನಲ್ಲಿ ಪುಣೆಯಲ್ಲಿ ಸಾವರ್ಕರ್ ಮುಂದಾಳತ್ವದಲ್ಲಿ ವಿದ್ಯಾರ್ಥಿಗಳು ವಿದೇಶಿ ಬಟ್ಟೆ ಸುಟ್ಟರು. 1921ರ ಜುಲೈ 31ರಂದು ಮುಂಬೈಯ ಪರೇಲ್‌ನಲ್ಲಿ, ಎಲ್ಫಿನ್‌ಸ್ಟನ್ ಮಿಲ್ಲಿನ ಆವರಣದಲ್ಲಿ, ವಿದೇಶಿ ಬಟ್ಟೆಯ ರಾಶಿಗೆ ಗಾಂಧೀಜಿ ಬೆಂಕಿಯಿಟ್ಟರು. ಇಂಗ್ಲಿಷಿನಲ್ಲಿ ಇದು ಬಾನ್‌ಫೈರ್. ಮರಾಠಿಯವರ ಬಾಯಲ್ಲಿ ‘ವಿದೇಶಿ ಕಪಡ್ಯಾಂಚೀ ಹೋಳಿ’. ನನ್ನ ಮಟ್ಟಿಗೆ ಇದಕ್ಕಿಂತ ಸರಿಯಾದ ಮಾತಿಲ್ಲ. ಜನ ಸೇರುವುದು, ಬೇಡವಾದದ್ದನ್ನು ತಂದು ಹಾಕುವುದು, ಎಲ್ಲರೆದುರು ಸುಡುವುದು, ಮೂರೂ ಅದರಲ್ಲಿವೆ. ಕನ್ನಡದ ‘ದಹನ’ದಲ್ಲಿ ಸುಡುವುದಷ್ಟೇ ಇದೆ, ಜನ ಇಲ್ಲ. ನಾವೂ ‘ಬಟ್ಟೆಯ ಹೋಳಿ’ ಎನ್ನಬಹುದು.

ಅನುವಾದಿಸುವವರು ಹೆಚ್ಚಾಗಿ ಎಡವುವುದು ‘ಶಿಬಿರಾಗ್ನಿ’ಯಲ್ಲಿ. ಅದು ಕ್ಯಾಂಪ್‌ಫೈರ್‌ಗೆ ಸಲ್ಲುವ ಮಾತು: ನಾಲ್ಕಾರು ಜನ ಸುತ್ತ ಕೂತು ಚಳಿ ಕಾಯಿಸುವ, ಚಹಾ ಇಡುವ ಬೆಂಕಿ. ಬಾನ್‌ಫೈರ್ ದೊಡ್ಡದು, ಬಯಲಿನದು, ಹತ್ತಿರ ಕೂರಲಾಗದ್ದು. ಪುಣೆ ಹತ್ತಿರದ ಲೋಣಾವಳಾ, ಪವನಾ ಕಡೆಯ ಟೆಂಟ್‌ಗಳ ಮುಂದೆ ಕಬ್ಬಿಣದ ತಟ್ಟೆಯಲ್ಲಿ ಉರಿಸುವುದನ್ನು ಜಾಹೀರಾತು ಬಾನ್‌ಫೈರ್ ಎಂದರೂ, ಕನ್ನಡದಲ್ಲಿ ಅದಕ್ಕೆ ಹಳೆಯ, ಸೊಗಸಾದ ಹೆಸರೊಂದಿದೆ: ಅಗ್ಗಿಷ್ಟಿಕೆ.